ಶಾಲೆಯ ಗಣಕಯಂತ್ರಕ್ಕೆ ಇನ್ನೊಂದು ಕಾರ್ಯಾಚರಣ ವ್ಯವಸ್ಥೆ

ಕುಂದಾಪುರದಿಂದ ಉಡುಪಿಯ ಕಡೆಗೆ ಹೆದ್ದಾರಿಯಲ್ಲಿ ಸಾಗುವಾಗ, ಕೋಟೇಶ್ವರವನ್ನು ದಾಟಿದ ಮೇಲೆ ಕುಂಭಾಶಿ ದೊರೆಯುತ್ತದೆ. ಆನೆಗುಡ್ಡೆಯ ವಿನಾಯಕ ದೇವಾಲಯದಿಂದ ನಾಡಿನಲ್ಲೆಲ್ಲ ಹೆಸರಾದ ಊರಿದು. ಇಲ್ಲಿಂದ, ಇದರ ನೆರೆಯ ಊರುಗಳಿಂದ ಹೊರಟು ಬೆಂಗಳೂರು ಮುಂಬಯಿಗಳಲ್ಲಿ ಹೋಟೆಲು ಮೊದಲಾದ ಉದ್ಯಮಗಳನ್ನು ಕಟ್ಟಿ ನೆಲೆನಿಂತವರು ಅನೇಕರು. ಹೀಗೆ ಹೊರಗೆ ಹೋದವರು ಹುಟ್ಟೂರಿನ ವಿದ್ಯಾಲಯಗಳನ್ನು ಮರೆಯುವುದಿಲ್ಲ. ಹಿಂದೆ ಕೊಠಡಿ, ಕಪಾಟು, ಗೋಡೆ ಗಡಿಯಾರಗಳ ರೂಪದಲ್ಲಿ ಬರುತ್ತಿದ್ದ ದಾನವು ಈಚಿನ ದಶಕಗಳಲ್ಲಿ ಗಣಕಯಂತ್ರಗಳ ರೂಪದಲ್ಲಿಯೂ ಬರತೊಡಗಿದೆ. ತಮ್ಮ ಕಚೇರಿಯಲ್ಲಿ ಐದಾರು ವರ್ಷ ದುಡಿದ ಯಂತ್ರಗಳನ್ನು ಬದಲಿಸುವಾಗ ಹಳೆಯವನ್ನು ಶಾಲೆಗೆ ಕಳುಹಿಸಿಕೊಡುವ ಪದ್ಧತಿಯು ಕರಾವಳಿಯಲ್ಲಿ ಮಾತ್ರವಲ್ಲ, ಇಡೀ ಕರ್ನಾಟಕದಲ್ಲಿ ಬೆಳೆದಿದೆ.

ಇಂತಹ ಯಂತ್ರಗಳ ಮುಂದೆ 2025ರ ಅಕ್ಟೋಬರ್ 14ರಂದು ಒಂದು ಪ್ರಶ್ನೆ ಎದ್ದುನಿಂತಿತು. ಮೈಕ್ರೋಸಾಫ್ಟ್ ಸಂಸ್ಥೆಯು 2015ರಲ್ಲಿ ಹೊರತಂದಿದ್ದ ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಅಂದಿಗೆ ಮುಗಿಸಿತು. ಅದರ ಮುಂದಿನದಾದ ವಿಂಡೋಸ್ 11, 2021ರಲ್ಲಿ ಬಂದಿತ್ತಾದರೂ ಅದನ್ನು ಸ್ಥಾಪಿಸಲು ಟಿ.ಪಿ.ಎಂ. 2.0 ಎಂಬ ಭದ್ರತಾ ಘಟಕವೂ, ಸಂಸ್ಥೆಯು ಒಪ್ಪಿದ ಪಟ್ಟಿಯಲ್ಲಿನ ಹೊಸ ಬಗೆಯ ಸಂಸ್ಕಾರಕವೂ ಯಂತ್ರದಲ್ಲಿರಬೇಕೆಂಬ ನಿಬಂಧನೆಯುಂಟು. 2017ಕ್ಕೆ ಮೊದಲು ತಯಾರಾದ ಯಂತ್ರಗಳಲ್ಲಿ ಹೆಚ್ಚಿನವು ಈ ನಿಬಂಧನೆಯನ್ನು ಪೂರೈಸಲಾರವು. ಪರದೆ ಬೆಳಗುತ್ತದೆ, ಕೀಲಿಮಣೆ ಕೆಲಸ ಮಾಡುತ್ತದೆ, ಲೆಕ್ಕವೂ ತಪ್ಪುವುದಿಲ್ಲ. ಆದರೂ ಯಂತ್ರ 'ಹಳೆಯದಾಯಿತು' ಎಂಬ ತೀರ್ಪು ಹೊರಬಿದ್ದಿದೆ. ಇದು ಮೊದಲ ಸಲವೇನೂ ಅಲ್ಲ. ವಿಂಡೋಸ್ ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ ಇದೇ ಗತಿಯಾಗಿತ್ತು. ಬೆಂಬಲ ನಿಂತ ಮಾತ್ರಕ್ಕೆ ಯಂತ್ರವು ಮರುದಿನವೇ ಸ್ತಬ್ಧವಾಗುವುದಿಲ್ಲವೆಂಬುದು ನಿಜ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳನ್ನು ಸರಿಪಡಿಸುವವರಿಲ್ಲದ ಕಾರಣ, ಅಂತರಜಾಲಕ್ಕೆ ತೆರೆದಿಟ್ಟ ಅಂತಹ ಯಂತ್ರವು ದಿನದಿಂದ ದಿನಕ್ಕೆ ಅಪಾಯಕ್ಕೆ ಒಡ್ಡಿಕೊಳ್ಳುತ್ತದೆ.

ಈ ಸಂದರ್ಭದಲ್ಲಿ, ಇದ್ದ ಯಂತ್ರದಲ್ಲಿಯೇ ಬೇರೊಂದು ಕಾರ್ಯಾಚರಣ ವ್ಯವಸ್ಥೆಯನ್ನು ನಡೆಸಲು ಸಾಧ್ಯವೇ, ಸಾಧ್ಯವಾದರೆ ಕನ್ನಡ ಶಾಲೆಯೊಂದು ಅದಕ್ಕೆ ಯಾವ ಸಿದ್ಧತೆಯನ್ನು ಮಾಡಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಾರ್ಯಾಚರಣ ವ್ಯವಸ್ಥೆ ಎಂದರೇನು?

ಗಣಕಯಂತ್ರದೊಳಗೆ ಸಂಸ್ಕಾರಕ, ಸ್ಮೃತಿಕೋಶ, ಸಂಗ್ರಹ ತಟ್ಟೆ, ಪರದೆ, ಮುದ್ರಕ ಮುಂತಾದ ಅಂಗಗಳಿರುತ್ತವೆ. ಪತ್ರವನ್ನು ಬರೆಯುವ, ಚಿತ್ರವನ್ನು ತಿದ್ದುವ, ಲೆಕ್ಕ ಮಾಡುವ ತಂತ್ರಾಂಶಗಳು ಈ ಅಂಗಗಳೊಡನೆ ನೇರವಾಗಿ ವ್ಯವಹರಿಸುವುದಿಲ್ಲ. ಯಾವ ತಂತ್ರಾಂಶಕ್ಕೆ ಎಷ್ಟು ಸ್ಮೃತಿಯನ್ನು ಕೊಡಬೇಕು, ಯಾವ ಕಡತವನ್ನು ತಟ್ಟೆಯ ಯಾವ ಭಾಗದಲ್ಲಿಡಬೇಕು, ಏಕಕಾಲಕ್ಕೆ ನಡೆಯುವ ಹತ್ತು ಕೆಲಸಗಳಿಗೆ ಸಂಸ್ಕಾರಕದ ಸಮಯವನ್ನು ಹೇಗೆ ಹಂಚಬೇಕು ಎಂಬ ಆಡಳಿತವನ್ನೆಲ್ಲ ನಡುವೆ ನಿಂತು ನಡೆಸುವ ಮೂಲ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ. ಶಾಲೆಯೊಂದರಲ್ಲಿ ಕೊಠಡಿ, ವೇಳಾಪಟ್ಟಿ, ಅಧ್ಯಾಪಕರು, ಉಪಕರಣಗಳು ಇವುಗಳನ್ನು ಹೊಂದಿಸುವ ಮುಖ್ಯೋಪಾಧ್ಯಾಯರ ಕಚೇರಿಗೆ ಇದನ್ನು ಹೋಲಿಸಬಹುದು. ಕಟ್ಟಡವು ಅದೇ ಆಗಿದ್ದು ಆಡಳಿತವು ಬದಲಾಗಬಹುದಾದಂತೆ, ಯಂತ್ರವು ಅದೇ ಆಗಿದ್ದು ಕಾರ್ಯಾಚರಣ ವ್ಯವಸ್ಥೆಯು ಬದಲಾಗಬಹುದು.

ಆದರೂ ಯಂತ್ರವೂ ವಿಂಡೋಸೂ ಒಂದೇ ಎಂಬ ಭಾವನೆ ಜನರಲ್ಲಿ ಬೇರೂರಲು ಐತಿಹಾಸಿಕ ಕಾರಣವಿದೆ. 1981ರ ಆಗಸ್ಟ್‌ನಲ್ಲಿ ಐ.ಬಿ.ಎಂ. ಸಂಸ್ಥೆಯು ತನ್ನ ವೈಯಕ್ತಿಕ ಗಣಕಯಂತ್ರವನ್ನು ಮಾರುಕಟ್ಟೆಗೆ ತಂದಾಗ ಅದಕ್ಕೆ ಕಾರ್ಯಾಚರಣ ವ್ಯವಸ್ಥೆಯನ್ನು ಒದಗಿಸಿದ್ದು ಮೈಕ್ರೋಸಾಫ್ಟ್. ಮುಂದೆ ಐ.ಬಿ.ಎಂ. ಮಾದರಿಯ ಯಂತ್ರಗಳನ್ನು ನೂರಾರು ತಯಾರಕರು ಮಾಡತೊಡಗಿದರು; ಹೆಚ್ಚಿನವರು ಅದೇ ವ್ಯವಸ್ಥೆಯನ್ನು ಮೊದಲೇ ತುಂಬಿ ಮಾರಿದರು. ಅಂಗಡಿಯಿಂದ ತಂದ ದಿನವೇ ಅದು ಯಂತ್ರದಲ್ಲಿರುವುದರಿಂದ ಕೊಂಡವನಿಗೆ ಆಯ್ಕೆಯ ಪ್ರಶ್ನೆಯೇ ಏಳಲಿಲ್ಲ.

ಇದಕ್ಕೆ ಪ್ರತಿಯಾದ ಮಾರ್ಗವು ಎರಡು ಕಡೆಗಳಿಂದ ಹುಟ್ಟಿ ಒಂದಾಯಿತು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು, ಯಾರು ಬೇಕಾದರೂ ಬಳಸುವ, ಓದುವ, ತಿದ್ದುವ ಹಾಗೂ ಹಂಚುವ ಸ್ವಾತಂತ್ರ್ಯವಿರುವ ಸಂಪೂರ್ಣ ಕಾರ್ಯಾಚರಣ ವ್ಯವಸ್ಥೆಯೊಂದನ್ನು ರಚಿಸುವುದಾಗಿ ಘೋಷಿಸಿ, ಅದಕ್ಕೆ 'ಗ್ನು' ಎಂದು ಹೆಸರಿಟ್ಟರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತನ್ನ ಮನೆಯ ಸಾಮಾನ್ಯ ಗಣಕಯಂತ್ರಕ್ಕಾಗಿ ಒಂದು ತಿರುಳು ತಂತ್ರಾಂಶವನ್ನು ಬರೆದು ಎಲ್ಲರಿಗೂ ತೆರೆದಿಟ್ಟನು. ಅದೇ ಲಿನಕ್ಸ್. ಮರುವರ್ಷ ಅವನು ಅದನ್ನು ಗ್ನು ಯೋಜನೆಯ ಪರವಾನಗಿಯ ಅಡಿಯಲ್ಲಿ ತಂದನು. ಗ್ನು ಯೋಜನೆಯ ಉಪಕರಣಗಳೂ ಲಿನಕ್ಸ್ ತಿರುಳೂ ಸೇರಿ ಪೂರ್ಣ ವ್ಯವಸ್ಥೆಯಾಯಿತು. ಡೆಬಿಯನ್, ಉಬುಂಟು, ಮಿಂಟ್ ಮೊದಲಾದವು ಇದರ ಬೇರೆ ಬೇರೆ ವಿತರಣೆಗಳು. ಇದು ಯಾವುದೋ ದೂರದ ಪಂಡಿತರ ವಸ್ತುವೆಂದು ಭಾವಿಸಬೇಕಾಗಿಲ್ಲ. ಆಂಡ್ರಾಯ್ಡ್ ದೂರವಾಣಿಗಳ ಒಳಗಿರುವ ತಿರುಳೂ ಲಿನಕ್ಸೇ ಆಗಿದೆ.

ಕನ್ನಡ ಶಾಲೆಯ ವಿಶೇಷ ತೊಡಕು

ಈ ವ್ಯವಸ್ಥೆಯು ಉಚಿತವಾಗಿ ದೊರೆಯುವುದಾದರೆ, ಹಳೆಯ ಯಂತ್ರದಲ್ಲಿಯೂ ನಡೆಯುವುದಾದರೆ, ಶಾಲೆಗಳು ಇದನ್ನು ಏಕೆ ಕೈಗೊಳ್ಳಲಿಲ್ಲ? ಅಭ್ಯಾಸಬಲ, ಭಯ, ತಿಳಿದವರ ಕೊರತೆ ಇವೆಲ್ಲ ಕಾರಣಗಳೇ. ಆದರೆ ಕನ್ನಡದ ಕಚೇರಿಗಳಿಗೆ ಇವುಗಳಿಗಿಂತ ಆಳವಾದ ಇನ್ನೊಂದು ಕಾರಣವಿತ್ತು. ಅದು ಯಂತ್ರಕ್ಕಲ್ಲ, ಅಕ್ಷರಕ್ಕೆ ಸಂಬಂಧಿಸಿದ್ದು.

1990ರ ದಶಕದಲ್ಲಿ ಕನ್ನಡವನ್ನು ಗಣಕಯಂತ್ರದಲ್ಲಿ ಮೂಡಿಸುವುದೇ ಸಾಹಸವಾಗಿತ್ತು. ಅಂದಿನ ತಂತ್ರಾಂಶಗಳಲ್ಲಿ ಒಂದು ಅಕ್ಷರವಿನ್ಯಾಸಕ್ಕೆ 256 ಸ್ಥಾನಗಳಷ್ಟೇ ಇದ್ದವು. ಅವು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾಗಿದ್ದವು. ಕನ್ನಡದ ತಜ್ಞರು ಆ ಸ್ಥಾನಗಳಲ್ಲಿಯೇ ಕನ್ನಡ ಅಕ್ಷರಗಳ ಬಿಡಿ ಭಾಗಗಳನ್ನು ತುಂಬಿ, ಅವುಗಳನ್ನು ಜೋಡಿಸಿ ಅಕ್ಷರವನ್ನು ಕಟ್ಟುವ ಉಪಾಯವನ್ನು ಕಂಡುಕೊಂಡರು. ಉದಾಹರಣೆಗೆ, ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಇಂಗ್ಲಿಷಿನ 'ಪಿ' ಅಕ್ಷರದ ಸ್ಥಾನದಲ್ಲಿ ಕಕಾರದ ಒಡಲಿದೆ. ಯುರೋಪಿನ ಸ್ವರಚಿಹ್ನೆಯುಳ್ಳ ಇನ್ನೊಂದು ಅಕ್ಷರದ ಸ್ಥಾನದಲ್ಲಿ ತಲೆಕಟ್ಟಿದೆ. ಎರಡೂ ಸೇರಿದಾಗ ಪರದೆಯ ಮೇಲೆ 'ಕ' ಕಾಣುತ್ತದೆ. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ'ವೂ ಅನಂತರ ಸರಕಾರದ ಆಶ್ರಯದಲ್ಲಿ ಬಂದ 'ನುಡಿ'ಯೂ ಕನ್ನಡಿಗರ ಬೆರಳುಗಳಿಗೆ ಕನ್ನಡವನ್ನು ತಂದುಕೊಟ್ಟವು. ಈ ಉಪಕಾರವನ್ನು ಕಡಿಮೆ ಎಣಿಸುವಂತಿಲ್ಲ.

ಆದರೆ ಈ ಉಪಾಯದಲ್ಲಿ ಒಂದು ಬೆಲೆ ಅಡಗಿತ್ತು. ಕಡತದೊಳಗೆ ಸಂಗ್ರಹವಾಗುತ್ತಿದ್ದುದು ಕನ್ನಡವಲ್ಲ, ಕನ್ನಡದ ಆಕಾರವನ್ನು ತೋರಿಸುವ ಪರಕೀಯ ಸಂಕೇತಗಳು. ಅಕ್ಷರವಿನ್ಯಾಸವು ಯಂತ್ರದಲ್ಲಿಲ್ಲದಿದ್ದರೆ ಅದೇ ಕಡತವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಈ ತಂತ್ರಾಂಶಗಳು ವಿಂಡೋಸಿಗಾಗಿಯೇ ರಚಿತವಾಗಿದ್ದುದರಿಂದ, ಕನ್ನಡ ಬೇಕೆಂದರೆ ವಿಂಡೋಸ್ ಅನಿವಾರ್ಯವೆಂಬ ಸ್ಥಿತಿಯುಂಟಾಯಿತು. ಇಪ್ಪತ್ತು ವರ್ಷಗಳ ವಾರ್ಷಿಕ ವರದಿಗಳು, ಪ್ರಶ್ನೆಪತ್ರಿಕೆಗಳು, ಹಳೆಯ ವಿದ್ಯಾರ್ಥಿಗಳ ಪಟ್ಟಿ, ದಾನಿಗಳ ನಾಮಾವಳಿ, ಸ್ಮರಣ ಸಂಚಿಕೆಗಳ ಲೇಖನಗಳು ಇವೆಲ್ಲ ಹೀಗೆ ಬರೆದಿಟ್ಟ ಶಾಲೆಯು ವ್ಯವಸ್ಥೆಯನ್ನು ಬದಲಿಸಲು ಹಿಂಜರಿದರೆ ಆಶ್ಚರ್ಯವಿಲ್ಲ. ಕಾರ್ಯಾಚರಣ ವ್ಯವಸ್ಥೆಯನ್ನು ಬದಲಿಸುವ ವಿಚಾರವು ಶಾಲೆಯ ಸ್ವಂತ ಚರಿತ್ರೆಯನ್ನು ಉಳಿಸಿಕೊಳ್ಳುವ ವಿಚಾರವೂ ಆಗುವುದು ಈ ಕಾರಣದಿಂದಲೇ.

ಯುನಿಕೋಡ್ ತೆರೆದ ದಾರಿ

ಈ ಬಂಧನವನ್ನು ಬಿಡಿಸಿದ್ದು ಯುನಿಕೋಡ್ ಎಂಬ ಸಾರ್ವತ್ರಿಕ ಸಂಕೇತಪದ್ಧತಿ. ಜಗತ್ತಿನ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಬೇರೆಯೇ ಒಂದು ಸಂಖ್ಯೆಯನ್ನು ಕೊಡುವುದು ಇದರ ತತ್ತ್ವ. 1991ರಲ್ಲಿ ಪ್ರಕಟವಾದ ಇದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 3200ರಿಂದ 3327ರ ವರೆಗಿನ 128 ಸ್ಥಾನಗಳನ್ನು ಮೀಸಲಿಡಲಾಯಿತು. 'ಕ' ಅಕ್ಷರದ ಸಂಖ್ಯೆ 3221. ಅಕ್ಷರವಿನ್ಯಾಸ ಯಾವುದೇ ಇರಲಿ, ಕಾರ್ಯಾಚರಣ ವ್ಯವಸ್ಥೆ ಯಾವುದೇ ಇರಲಿ, ಯಂತ್ರವು ಬೆಂಗಳೂರಿನಲ್ಲಿರಲಿ ಬರ್ಲಿನ್ನಿನಲ್ಲಿರಲಿ, 3221 ಎಂಬುದು ಕಕಾರವೇ.

ಎರಡು ಪದ್ಧತಿಗಳ ಅಂತರವನ್ನು 'ಧರ್ಮ' ಎಂಬ ಪದದಿಂದ ಸ್ಪಷ್ಟಪಡಿಸಬಹುದು. ಬರೆಯುವಾಗ ಅರ್ಕಾವೊತ್ತು ಮಕಾರದ ಬಲಕ್ಕೆ ಬರುತ್ತದೆ. ಹಳೆಯ ಪದ್ಧತಿಯು ಕಣ್ಣಿಗೆ ಕಾಣುವ ಈ ಕ್ರಮದಲ್ಲಿಯೇ ಧ, ಮ, ಅರ್ಕಾವೊತ್ತು ಎಂದು ಭಾಗಗಳನ್ನು ಸಂಗ್ರಹಿಸುತ್ತಿತ್ತು. ಯುನಿಕೋಡ್ ಉಚ್ಚಾರದ ಕ್ರಮವನ್ನು ಅನುಸರಿಸುತ್ತದೆ: ಧ, ರ, ಹಲಂತ ಚಿಹ್ನೆ, ಮ, ಎಂದರೆ 3239, 3248, 3277, 3246. ಇದನ್ನು ಕಣ್ಣಿಗೆ ಒಪ್ಪುವ ರೂಪದಲ್ಲಿ ಜೋಡಿಸುವ ಹೊಣೆ ಅಕ್ಷರವಿನ್ಯಾಸದ್ದು ಹಾಗೂ ಕಾರ್ಯಾಚರಣ ವ್ಯವಸ್ಥೆಯದು. ವಿಂಡೋಸಿನಲ್ಲಿ ಈ ಸೌಕರ್ಯವು 2001ರ ಎಕ್ಸ್‌ಪಿ ಆವೃತ್ತಿಯೊಂದಿಗೆ, 'ತುಂಗಾ' ಎಂಬ ಅಕ್ಷರವಿನ್ಯಾಸದ ಮೂಲಕ ಬಂದಿತು. ಲಿನಕ್ಸಿನಲ್ಲಿ ಆರಂಭದ ವರ್ಷಗಳಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತಿದ್ದುದುಂಟು. ಅದು ಈಗ ಹಳೆಯ ಮಾತು. ಲೋಹಿತ್, ಗುಬ್ಬಿ, ನವಿಲು, ನೋಟೋ ಮುಂತಾದ ಕನ್ನಡ ಅಕ್ಷರವಿನ್ಯಾಸಗಳು ಅಲ್ಲಿ ಮುಕ್ತವಾಗಿ ಲಭ್ಯವಿವೆ.

ಕೀಲಿಮಣೆಯ ವಿಷಯದಲ್ಲಿ ಕರಾವಳಿಯವರು ಅಭಿಮಾನಪಡಬಹುದಾದ ಸಂಗತಿಯೊಂದಿದೆ. ಇಂದು ಕನ್ನಡಿಗರು ಹೆಚ್ಚಾಗಿ ಬಳಸುವ ಕೀಲಿ ವಿನ್ಯಾಸವನ್ನು ರೂಪಿಸಿದವರು ಮಂಗಳೂರಿನ ಸಮೀಪದ ಕಿನ್ನಿಕಂಬಳದಲ್ಲಿ ಜನಿಸಿದ ಕೆ. ಪಿ. ರಾವ್ ಅವರು. ಅಲ್ಪಪ್ರಾಣಕ್ಕೆ ಒಂದು ಕೀಲಿ, ಅದೇ ಕೀಲಿಯನ್ನು ಶಿಫ್ಟ್ ಕೀಲಿಯೊಡನೆ ಒತ್ತಿದರೆ ಮಹಾಪ್ರಾಣ ಎಂಬ ಸರಳ ತತ್ತ್ವದ ಮೇಲೆ, ವರ್ಣಮಾಲೆಯ ಶಾಸ್ತ್ರೀಯ ರಚನೆಯನ್ನೇ ಅವರು ಇಪ್ಪತ್ತಾರು ಕೀಲಿಗಳಿಗೆ ಹೊಂದಿಸಿದರು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ತಾವು ರಚಿಸಿದ 'ಸೇಡಿಯಾಪು' ತಂತ್ರಾಂಶವನ್ನು ಅವರು ಎಲ್ಲರಿಗೂ ಉಚಿತವಾಗಿ ಕೊಟ್ಟರು. ಈ ವಿನ್ಯಾಸವೇ ಅಲ್ಪಸ್ವಲ್ಪ ಮಾರ್ಪಾಟಿನೊಡನೆ ಸರಕಾರದ ಮನ್ನಣೆಯನ್ನು ಪಡೆದು 'ನುಡಿ'ಯಲ್ಲಿ ಬಳಕೆಗೆ ಬಂದಿತು. ಲಿನಕ್ಸಿನಲ್ಲಿಯೂ 'ಕಗಪ' ಎಂಬ ಹೆಸರಿನಲ್ಲಿ ಸೇರಿದೆ. ಆದುದರಿಂದ ನುಡಿಯಲ್ಲಿ ಬೆರಳಚ್ಚು ಕಲಿತ ಗುಮಾಸ್ತರು ಹೊಸ ವ್ಯವಸ್ಥೆಗೆ ಬಂದಾಗ ಬೆರಳುಗಳಿಗೆ ಹೊಸ ಪಾಠವನ್ನು ಹೇಳಬೇಕಾಗಿಲ್ಲ.

ಕಾಸರಗೋಡಿನ ನಿದರ್ಶನ

ಇವೆಲ್ಲ ಪುಸ್ತಕದ ಮಾತುಗಳೆಂದು ಸಂದೇಹಪಡುವವರಿಗೆ ನಿದರ್ಶನವು ಬಹು ದೂರದಲ್ಲಿಲ್ಲ. ಕುಂದಾಪುರವೂ ಕಾಸರಗೋಡೂ 1956ರ ಅಕ್ಟೋಬರ್ ಕೊನೆಯ ವರೆಗೆ ಒಂದೇ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕುಗಳಾಗಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕುಂದಾಪುರವು ಮೈಸೂರು ರಾಜ್ಯಕ್ಕೆ, ಕಾಸರಗೋಡು ಕೇರಳಕ್ಕೆ ಸೇರಿದವು. ಕಾಸರಗೋಡು, ಮಂಜೇಶ್ವರಗಳ ಕನ್ನಡ ಮಾಧ್ಯಮದ ಶಾಲೆಗಳು ಅಂದಿನಿಂದ ಕೇರಳದ ಪಠ್ಯಕ್ರಮವನ್ನು ಕನ್ನಡದಲ್ಲಿ ಓದುತ್ತ ಬಂದಿವೆ.

ಕೇರಳ ಸರಕಾರವು ಈ ಶತಮಾನದ ಆರಂಭದಲ್ಲಿ 'ಐಟಿ ಅಟ್ ಸ್ಕೂಲ್' ಎಂಬ ಯೋಜನೆಯ ಮೂಲಕ ಶಾಲೆಗಳಿಗೆ ಗಣಕ ಶಿಕ್ಷಣವನ್ನು ತಂದಿತು. ಮೊದಮೊದಲು ಪಾಠಗಳು ವಿಂಡೋಸ್ ಆಧಾರಿತವಾಗಿದ್ದವು. ಸಾರ್ವಜನಿಕ ಶಿಕ್ಷಣವು ಒಂದೇ ಕಂಪೆನಿಯ ಸರಕಿನ ಮೇಲೆ ನಿಲ್ಲಬಾರದೆಂದು ಅಧ್ಯಾಪಕರ ಸಂಘಟನೆಗಳೂ ಸ್ವತಂತ್ರ ತಂತ್ರಾಂಶದ ಬೆಂಬಲಿಗರೂ ಆಕ್ಷೇಪಿಸಿದರು. ಆ ದಶಕದ ಕೊನೆಯ ಹೊತ್ತಿಗೆ ಪ್ರೌಢಶಾಲೆಗಳ ಗಣಕ ಪಾಠವೂ ಹತ್ತನೆಯ ತರಗತಿಯ ಪ್ರಾಯೋಗಿಕ ಪರೀಕ್ಷೆಯೂ ಗ್ನು/ಲಿನಕ್ಸಿಗೆ ವರ್ಗಾವಣೆಗೊಂಡವು. 2017ರಲ್ಲಿ ಆ ಯೋಜನೆಯು 'ಕೈಟ್' ಎಂಬ ಸರಕಾರಿ ಸಂಸ್ಥೆಯ ರೂಪವನ್ನು ತಾಳಿತು. ಉಬುಂಟುವನ್ನು ಆಧರಿಸಿ, ಪಾಠಕ್ಕೆ ಬೇಕಾದ ತಂತ್ರಾಂಶಗಳನ್ನು ಸೇರಿಸಿ, ಈ ಸಂಸ್ಥೆಯು ಶಾಲೆಗಳಿಗೆಂದೇ ಒಂದು ವಿತರಣೆಯನ್ನು ಸಿದ್ಧಪಡಿಸಿದೆ. ರೇಖಾಗಣಿತಕ್ಕೆ ಜಿಯೋಜೀಬ್ರಾ, ಕಚೇರಿ ಕೆಲಸಕ್ಕೆ ಲಿಬ್ರೆ ಆಫೀಸ್, ಚಿತ್ರಕ್ಕೆ ಗಿಂಪ್ ಮತ್ತು ಇಂಕ್‌ಸ್ಕೇಪ್ ಮುಂತಾದವು ಅದರಲ್ಲಿವೆ.

ಕೇರಳದ ಗಣಕ ಪಠ್ಯಪುಸ್ತಕವು ಮಲಯಾಳ, ಇಂಗ್ಲಿಷ್, ತಮಿಳುಗಳೊಂದಿಗೆ ಕನ್ನಡದಲ್ಲಿಯೂ ಪ್ರಕಟವಾಗುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಯು ಲಿನಕ್ಸಿನ ಪಾಠವನ್ನು ಕನ್ನಡದಲ್ಲಿಯೇ ಓದಬಲ್ಲನು. ರಾಜಧಾನಿಯಿಂದ ದೂರವಿರುವ, ಭಾಷಾ ಅಲ್ಪಸಂಖ್ಯಾತರ ಶಾಲೆಗಳಿಗೆ ಇದು ಸಾಧ್ಯವಾಗಿರುವಾಗ, ಕನ್ನಡವೇ ಆಡಳಿತ ಭಾಷೆಯಾಗಿರುವ ನಾಡಿನ ಶಾಲೆಗಳಿಗೆ ಅಸಾಧ್ಯವೆನ್ನಲು ಕಾರಣವಿಲ್ಲ. ಆದರೆ ಕೇರಳದಲ್ಲಿ ಇದು ಯಂತ್ರಗಳನ್ನು ಹಂಚಿದ್ದರಿಂದಷ್ಟೇ ಆದುದಲ್ಲ. ಅಧ್ಯಾಪಕರಿಗೆ ಮೊದಲು ತರಬೇತಿಯನ್ನಿತ್ತು, ಪ್ರತಿ ಶಾಲೆಯಲ್ಲಿಯೂ ಹೊಣೆಗಾರ ಅಧ್ಯಾಪಕರೊಬ್ಬರನ್ನು ಗೊತ್ತುಪಡಿಸಿದ್ದರಿಂದ ಆದುದು ಎಂಬುದನ್ನು ಮರೆಯಬಾರದು.

ಕೈಗೊಳ್ಳಬೇಕಾದ ಕ್ರಮ

ವ್ಯವಸ್ಥೆಯನ್ನು ಬದಲಿಸಬಯಸುವ ಶಾಲೆಯು ಮೊದಲು ಮುಟ್ಟಬೇಕಾದುದು ಯಂತ್ರವನ್ನಲ್ಲ, ಕಡತಗಳನ್ನು. ಹಳೆಯ ವಿಂಡೋಸ್ ಇನ್ನೂ ನಡೆಯುತ್ತಿರುವಾಗಲೇ ಎಲ್ಲ ಕಡತಗಳ ಎರಡು ಪ್ರತಿಗಳನ್ನು ಬೇರೆ ಬೇರೆ ತಟ್ಟೆಗಳಲ್ಲಿ ತೆಗೆದಿಡಬೇಕು. ಅನಂತರ ನುಡಿ, ಬರಹಗಳ ಹಳೆಯ ಪದ್ಧತಿಯ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸಬೇಕು. ಆ ತಂತ್ರಾಂಶಗಳಲ್ಲಿಯೇ ಪರಿವರ್ತಕಗಳಿವೆ. ಕನ್ನಡದ ತಂತ್ರಜ್ಞರು ರೂಪಿಸಿದ ಮುಕ್ತ ಪರಿವರ್ತಕಗಳೂ ಇವೆ. ಪರಿವರ್ತನೆಯಾದ ಮೇಲೆ ಯಂತ್ರವನ್ನೇ ನಂಬಿ ಕುಳಿತುಕೊಳ್ಳಬಾರದು. ಅರ್ಕಾವೊತ್ತು, ಎರಡು ಒತ್ತುಗಳ ಸಂಯುಕ್ತಾಕ್ಷರ, ದೀರ್ಘ ಚಿಹ್ನೆ, ಕಡತದ ನಡುವೆ ಬರುವ ಇಂಗ್ಲಿಷ್ ಪದ ಹಾಗೂ ಅಂಕಿಗಳು ತಪ್ಪುವ ಸ್ಥಳಗಳು. ಶುದ್ಧಪ್ರತಿಯನ್ನು ಕನ್ನಡ ಅಧ್ಯಾಪಕರು ಒಮ್ಮೆ ಓದಿ ಒಪ್ಪಬೇಕು. ಹೆಸರುಗಳ ಪಟ್ಟಿಯಲ್ಲಂತೂ ಈ ಪರಿಶೀಲನೆ ಅತ್ಯಗತ್ಯ. ದಾಖಲೆಯಲ್ಲಿ ತಪ್ಪಾದ ಹೆಸರು ವಿದ್ಯಾರ್ಥಿಯನ್ನು ಬಹುಕಾಲ ಕಾಡಬಲ್ಲುದು.

ಎರಡನೆಯ ಹಂತವು ಪರೀಕ್ಷೆ. ಲಿನಕ್ಸನ್ನು ಯಂತ್ರದಲ್ಲಿ ಸ್ಥಾಪಿಸದೆಯೇ ನಡೆಸಿನೋಡುವ ಅನುಕೂಲವಿದೆ. ವಿತರಣೆಯ ಕಡತವನ್ನು ಅದರ ಅಧಿಕೃತ ತಾಣದಿಂದ ಪಡೆದು, ತಕ್ಕ ತಂತ್ರಾಂಶದಿಂದ ಒಂದು ಪೆನ್ ಡ್ರೈವಿಗೆ ಬರೆದು, ಯಂತ್ರವು ಆರಂಭವಾಗುವಾಗ ಆ ಪೆನ್ ಡ್ರೈವಿನಿಂದಲೇ ಏಳುವಂತೆ ಆದೇಶಿಸಿದರೆ ಹೊಸ ವ್ಯವಸ್ಥೆ ಪರದೆಗೆ ಬರುತ್ತದೆ. ಒಳಗಿನ ತಟ್ಟೆಯಲ್ಲಿರುವುದು ಹಾಗೆಯೇ ಇರುತ್ತದೆ. ಜಾಲ ಸಂಪರ್ಕ, ಧ್ವನಿ, ಮುದ್ರಕ, ಪ್ರಕ್ಷೇಪಕ ಇವು ಕೆಲಸ ಮಾಡುತ್ತವೆಯೇ, ಪರಿವರ್ತಿಸಿದ ಕನ್ನಡ ಕಡತವು ಸರಿಯಾಗಿ ತೆರೆಯುತ್ತದೆಯೇ ಎಂಬುದನ್ನು ಈ ಹಂತದಲ್ಲಿಯೇ ಪರೀಕ್ಷಿಸಬೇಕು. ಪೆನ್ ಡ್ರೈವನ್ನು ತೆಗೆದು ಯಂತ್ರವನ್ನು ಪುನಃ ಆರಂಭಿಸಿದರೆ ಹಳೆಯ ವಿಂಡೋಸ್ ಇದ್ದಲ್ಲಿಯೇ ದೊರೆಯುತ್ತದೆ.

ಮೂರನೆಯದು ಸ್ಥಾಪನೆ. ತಟ್ಟೆಯನ್ನು ಎರಡು ಭಾಗ ಮಾಡಿ ಎರಡೂ ವ್ಯವಸ್ಥೆಗಳನ್ನು ಒಂದೇ ಯಂತ್ರದಲ್ಲಿಟ್ಟುಕೊಳ್ಳಬಹುದು. ಯಂತ್ರವು ಏಳುವಾಗ ಯಾವುದು ಬೇಕೆಂದು ಕೇಳುತ್ತದೆ. ಕಲಿಕೆಯ ಕಾಲಕ್ಕೆ ಇದು ಒಳ್ಳೆಯ ಏರ್ಪಾಟು. ಆದರೆ ಭಾಗ ಮಾಡುವಾಗಿನ ಒಂದು ತಪ್ಪು ಇಡೀ ತಟ್ಟೆಯನ್ನು ಅಳಿಸಬಲ್ಲುದು. ಪ್ರತಿಗಳನ್ನು ಮೊದಲೇ ತೆಗೆದಿಡಬೇಕೆಂದು ಹೇಳಿದ್ದು ಇದಕ್ಕಾಗಿ. ತಟ್ಟೆಗೆ ವಿಂಡೋಸಿನ ಗೂಢಲಿಪಿ ರಕ್ಷಣೆಯಿದ್ದರೆ ಅದರ ಕೀಲಿಸಂಖ್ಯೆಯನ್ನು ಬರೆದಿಟ್ಟುಕೊಂಡೇ ಮುಂದುವರಿಯಬೇಕು. ಯಂತ್ರದ ಸ್ಮೃತಿ 4 ಗಿಗಾಬೈಟ್ ಇದ್ದರೆ ಮಿಂಟಿನಂತಹ ವಿತರಣೆ ಸುಸೂತ್ರವಾಗಿ ನಡೆಯುತ್ತದೆ. 2 ಗಿಗಾಬೈಟ್ ಇದ್ದರೆ ಹಗುರವಾದ ಆವೃತ್ತಿಯನ್ನು ಆರಿಸಬೇಕು. ತಿರುಗುವ ತಟ್ಟೆಯ ಬದಲು ಸಣ್ಣ ಎಸ್.ಎಸ್.ಡಿ.ಯೊಂದನ್ನು ಹಾಕಿಸಿದರೆ ಹಳೆಯ ಯಂತ್ರದ ವೇಗವು ಗಮನಾರ್ಹವಾಗಿ ಹೆಚ್ಚುತ್ತದೆ.

ಮಿತಿಗಳು

ಪ್ರಯೋಜನವನ್ನು ಹೇಳುವಾಗ ಮಿತಿಗಳನ್ನು ಮರೆಮಾಚುವುದು ಉಚಿತವಲ್ಲ. ಟ್ಯಾಲಿಯಂತಹ ಲೆಕ್ಕಪತ್ರ ತಂತ್ರಾಂಶವು ವಿಂಡೋಸನ್ನು ನಿರೀಕ್ಷಿಸುತ್ತದೆ. ಕೆಲವು ಮುದ್ರಕಗಳಿಗೂ ಅಂಕೀಯ ಸಹಿಯ ಉಪಕರಣಗಳಿಗೂ ಲಿನಕ್ಸಿನಲ್ಲಿ ಚಾಲಕ ತಂತ್ರಾಂಶ ದೊರೆಯದಿರಬಹುದು. ಪುಟವಿನ್ಯಾಸದ ವಾಣಿಜ್ಯ ತಂತ್ರಾಂಶಗಳನ್ನೇ ನಂಬಿರುವ ಮುದ್ರಣಾಲಯದವರು ಹಳೆಯ ನುಡಿಯ ಕಡತವನ್ನೇ ಕೇಳುವುದೂ ಉಂಟು. ಆದುದರಿಂದ ಕಚೇರಿಯ ಒಂದು ಯಂತ್ರವನ್ನು ಬೆಂಬಲವಿರುವ ವಿಂಡೋಸಿನಲ್ಲಿಯೇ ಇಟ್ಟುಕೊಂಡು, ವಿದ್ಯಾರ್ಥಿಗಳ ಪ್ರಯೋಗಶಾಲೆಯನ್ನು ಮೊದಲು ಬದಲಿಸುವುದು ವಿವೇಕದ ಮಾರ್ಗ. ಸಮುದ್ರದ ಉಪ್ಪುಗಾಳಿ, ಮಳೆಗಾಲದ ತೇವ, ವಿದ್ಯುತ್ತಿನ ಏರಿಳಿತಗಳಿಂದ ಹಾಳಾದ ಯಂತ್ರವನ್ನು ಯಾವ ಕಾರ್ಯಾಚರಣ ವ್ಯವಸ್ಥೆಯೂ ಬದುಕಿಸಲಾರದೆಂಬುದನ್ನೂ ಕರಾವಳಿಯವರು ನೆನಪಿಡಬೇಕು.

ದಾನಿಗಳು ಯಂತ್ರವನ್ನು ಕೊಡುವಾಗ ಅದರೊಂದಿಗೆ ಒಂದು ಎಸ್.ಎಸ್.ಡಿ.ಯನ್ನೂ ಅಧ್ಯಾಪಕರಿಬ್ಬರ ತರಬೇತಿಯ ವೆಚ್ಚವನ್ನೂ ಕೊಟ್ಟರೆ ಆ ದಾನವು ಇನ್ನೂ ಅನೇಕ ವರ್ಷ ಫಲ ಕೊಡುತ್ತದೆ. ತಂತ್ರಾಂಶ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಎರಡು ದಿನಗಳನ್ನು ಶಾಲೆಯ ಪ್ರಯೋಗಶಾಲೆಗೆ ಮೀಸಲಿಡಬಹುದು. ಅಧ್ಯಾಪಕರಾದರೋ ಇಂದಿನಿಂದಲೇ ಒಂದು ನಿಯಮವನ್ನು ಪಾಲಿಸಬಹುದು: ಹೊಸದಾಗಿ ಬರೆಯುವ ಪ್ರತಿಯೊಂದು ಕನ್ನಡ ಪುಟವೂ ಯುನಿಕೋಡಿನಲ್ಲಿಯೇ ಇರಲಿ. ವಿಂಡೋಸಿನಲ್ಲಿ ಉಳಿಯುವ ಶಾಲೆಗೂ ಈ ನಿಯಮವು ಹಿತಕರ. ಹೀಗೆ ಬರೆದಿಟ್ಟ ವಿದ್ಯಾಲಯದ ದಾಖಲೆಗಳನ್ನು ಮುಂದೆ ಯಾವ ಕಂಪೆನಿ ಯಾವ ದಿನ ಬೆಂಬಲವನ್ನು ನಿಲ್ಲಿಸಿದರೂ, ಯಾವ ಯಂತ್ರದಲ್ಲಿ ಯಾವ ವ್ಯವಸ್ಥೆ ನಡೆದರೂ, ಮುಂದಿನ ತಲೆಮಾರಿನವರು ತೆರೆದು ಓದಬಲ್ಲರು.